ಎಳೆ ಸುಟ್ಟು ನೋಡುತ್ತಿದ್ದ ಕಾಕಾ

ಮೊನ್ನೆ ಬನಹಟ್ಟಿಗೆ ಬಂದ ಮೊಮ್ಮಗಳು ಚೀಲದಿಂದ ಸೀರೆ ತೆಗೆದು, ಸೆರಗಿನ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟಳು. ಕಾಗದ ಸುಟ್ಟಂಥ ವಾಸನೆ ಬಂತು, ಅಪ್ಪಟ ಹತ್ತಿ. ನನಗೆ ಹಿಗ್ಗು ತಡೆಯಲಾಗಲಿಲ್ಲ! ಸೀರೆ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ನೂಲು ಕೊಡುವವರು, ಬಣ್ಣ ಹಾಕುವವರು, ನೇಯುವವರು... ಯಾರ ಕೈಯಲ್ಲೂ ಮಾಲು ಬದಲಾಗದಂತೆ ನೋಡಿಕೊಳ್ಳಬೇಕಂತೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳ ಮೊಮ್ಮಗಳು ಅಧಿಕಾರಿ! ಓಣಿಗೆಲ್ಲ ಪೇಡೆ ಹಂಚಿದೆ. ಹಂಚುತ್ತ ಹಂಚುತ್ತ ಆ ಕಾಕಾ ನೆನಪಾದರು...

ನಾನಾಗ ಹೊಸ ಸೊಸೆ. ನಮಗೆ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದ ಸಾವುಕಾರರ ಪರವಾಗಿ ಕಾಕಾ ಹೀಗೇ ಎಳೆ ಸುಟ್ಟು ಮಾಲು ನೋಡಲು ಬರುತ್ತಿದ್ದರು. ಯಾರ ಮನೆಯಲ್ಲೂ ಚಹಾ ಮುಟ್ಟುತ್ತಿರಲಿಲ್ಲ.

"ಚಾದಾಗ ಏನರೆ ಕಲಸಿ ಕೊಡತೇವೇನೋ ತಮ್ಮಾ?" ಎಂದು ನಮ್ಮತ್ತೆ ಛೇಡಿಸುತ್ತಿದ್ದರು.

"ಕಲಸಿದ್ರೂ ಗೊತ್ತಾಗೂದಿಲ್ಲಲ್ಲಬೇ, ಅದಕ್ಕ ವಲ್ಲೆ!"

ಒಂದು ಸಲ ನಮ್ಮ ಸೀರೆಯ ಕೆಂಪು ಎಳೆ ಸುಟ್ಟಾಗ ಬೂದಿಯಾಗಲಿಲ್ಲ. ಪ್ಲಾಸ್ಟಿಕ್ಕಿನಂತೆ ಮುದುಡಿ ಗಟ್ಟಿ ಕಾಳಾಯಿತು. ಹತ್ತಿಯಲ್ಲಿ ಬೇರೆ ನೂಲು ಬೆರೆತಿತ್ತು. ಕಾಕಾ ಮುಖ ಎತ್ತಲಿಲ್ಲ. "ಯಾರ ಕೆಲಸಂತ ಗೊತ್ತಾಗೂತನಕ ನಿಮಗ ನೂಲಿಲ್ಲರಿ" ಎಂದು ಎದ್ದು ಹೋದರು.

ಮಗ್ಗ ನಿಂತಿತು. ಓಣಿಯವರು ನಮ್ಮ ಬಾಗಿಲು ನೋಡುವ ನೋಟವೇ ಬದಲಾಯಿತು. ನಾವೂ ಸುಮ್ಮನಿರಲಿಲ್ಲ. ಬಣ್ಣದವರ ಮೇಲೆ, ನೂಲಿನ ಗಂಟು ಹೊತ್ತು ತಂದವನ ಮೇಲೆ... ಕೊನೆಗೆ ಗಂಡನ ಮೇಲೂ ನನಗೆ ಅನುಮಾನ ಬಂತು.

ನೂಲು ಬಂದ ದಾರಿಯನ್ನೇ ಕಾಕಾ ಹಿಡಿದರು. ಬಣ್ಣದವರ ಮನೆಯಲ್ಲಿ ಸುಟ್ಟ ಎಳೆ ಮೆತ್ತಗೆ ಬೂದಿಯಾಯಿತು. ಅಲ್ಲಿಂದ ನಮ್ಮನೆಗೆ ಬರುವ ಮೊದಲು ನೂಲಿಗೆ ಗಂಜಿ ಹಾಕುವ ಮನೆ ಒಂದೇ ಉಳಿದಿತ್ತು. ಅದು ಕಾಕಾನ ಸ್ವಂತ ತಂಗಿಯ ಮನೆ. ಅತ್ತೆ, ನಾನು ಬೆನ್ನ ಹಿಂದೆಯೇ ಹೋದೆವು.

"ಅಣ್ಣಾ, ನನ್ನ ಮ್ಯಾಲೂ ಸಂಶೇ ಏನೋ?"

"ಮೊದಲ ಇಲ್ಲಿಗೇ ಬರಬೇಕಿತ್ತ. ತಂಗಿ ಅಂತ ಕಡೀಕ ಬಂದೆ."

ಗೂಟಕ್ಕೆ ನೇತುಹಾಕಿದ್ದ ಕೆಂಪು ನೂಲಿನ ಎಳೆ ಸುಟ್ಟರು. ಕಾಳಾಯಿತು.

"ಎಳಿ ಕಡಿಮಿ ಬಿದ್ದಿದ್ವು. ಬ್ಯಾರೇದವರದು ಉಳದಿತ್ತು, ಬಣ್ಣಾನೂ ಒಂದ. ಒಗಿಯೂದ್ಯಾಕ ಅಂತ ಕೂಡಿಸಿದೆ" ಎಂದು ತಂಗಿ ಅತ್ತಳು.

ಉಳಿದ ಎಳೆ ಎಸೆಯದೆ ಗಂಟು ಹಾಕುವುದು ನಮ್ಮೆಲ್ಲರ ಮನೆಯ ರೂಢಿ. ಕಳ್ಳತನವಲ್ಲ... ಆದರೂ ಕಾಕಾ ಅವಳ ಕೆಲಸ ನಿಲ್ಲಿಸಿದರು. ನಮ್ಮ ಮಗ್ಗ ಶುರುವಾಯಿತು. ಅಂದಿನಿಂದ ಮಾಲು ಕೈ ಬದಲಿಸುವಾಗ ಕೊಡುವವರೂ ತೆಗೆದುಕೊಳ್ಳುವವರೂ ಗುರುತಿಗೆ ಒಂದೊಂದು ಎಳೆ ಇಟ್ಟುಕೊಳ್ಳಬೇಕಾಯಿತು. ಆ ವರ್ಷ ಪಂಚಮಿಗೆ ಕಾಕಾ ಕರೆಯಲು ಹೋದಾಗ ತಂಗಿ ತವರಿಗೆ ಬರಲಿಲ್ಲ. ಮುಂದೆಂದೂ ಬರಲಿಲ್ಲ...

ಈಗ ಇಬ್ಬರೂ ಇಲ್ಲ. ಮೊಮ್ಮಗಳ ಕಂಪನಿಗೆ ನನ್ನ ಮಗನೂ ಸೀರೆ ನೇಯ್ದು ಕೊಡುತ್ತಾನೆ. ಅವಳಿಗೆ ಸೋದರಮಾವ.

"ಆಯಿ, ಸೋಮಾರ ಮಾಮಾನ ಮಗ್ಗ ತಪಾಸ ಮಾಡಾಕ ಬರತೇನಿ. ಸಿಟ್ಟಾಗಬ್ಯಾಡ ಮತ್ತ!" ಎಂದಳು.

"ಬಾ ಬಾ, ಮೊದಲ ಇಲ್ಲಿಗೇ ಬಾ" ಎಂದು ನಕ್ಕು ಕಳಿಸಿದೆ. ಅವಳ ಬಸ್ಸು ಹೋದದ್ದೇ ತಡ, ಮಗ್ಗದ ಕೋಣೆಗೆ ಹೋಗಿ ಮಗನನ್ನು ಕೇಳಿದೆ: "ಉಳದ ನೂಲ ಏನ ಮಾಡತೀಯೋ?"

ಮಗ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದ. "ಯವ್ವಾ, ನೀನೂ ಸುರು ಮಾಡಿದೇನ?"

ಬಣ್ಣದವರ ಮನೆಯಿಂದ ತಂಗಿಯ ಮನೆಗೆ ನಡೆಯುವಾಗ ಕಾಕಾನ ಎದೆ ಹೇಗಿತ್ತೋ... ಕೇಳೋಣವೆಂದರೆ ಅವರಿಲ್ಲ.