ಬಾಗಿಲ ಕಡೆಯ ಎಳೆಗಳು

ಗಂಗಾ, ನಿನ್ನ ಅಪ್ಪನನ್ನು ಮಗ್ಗದಿಂದ ಎಬ್ಬಿಸಿದ್ದು ನಾನು – ನಿನ್ನ ಈ ದೊಡ್ಡಪ್ಪ. ಅವನ ದಡ್ಡತನವೆಂದು ನಿನಗೆ ಹೇಳಿದ್ದೆಲ್ಲ ಸುಳ್ಳು.

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಹಾಸು, ಅಂದರೆ ಉದ್ದದೆಳೆಗಳು, ಮುಗಿಯುತ್ತ ಬಂದಾಗ ಹೊಸ ಎಳೆಗಳನ್ನು ಹಳೆಯವುಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವ ಕೆಲಸ ನಮ್ಮಿಬ್ಬರದು. ಕಿಟಕಿಯ ಕಡೆ ನಾನು, ಬಾಗಿಲ ಕಡೆ ನಿನ್ನ ಅಪ್ಪ ಶಿವು. ಅದೊಂದು ದಿನ ನಾನೇ ಜಾಗ ಬದಲಿಸಿ ಬಾಗಿಲ ಕಡೆ ಕೂತೆ – ಗೆಳೆಯರು ಬೀದಿಯಲ್ಲಿ ಕಾಯುತ್ತಿದ್ದರು, ಬೇಗ ಜಾರಿಕೊಳ್ಳಬೇಕಿತ್ತು. ಅವಸರದಲ್ಲಿ ಅಂಚಿನ ಕಡುಗೆಂಪಿಗೆ ಕಪ್ಪು ಕೂಡಿಸಿಬಿಟ್ಟೆ. ಯಾರದೋ ಮದುವೆಯ ಸೀರೆ. ಮರುದಿನ ಮುಂಜಾವಿನ ಮಬ್ಬಿನಲ್ಲಿ ನೇಯಲು ಕೂತ ನಿನ್ನ ಅಜ್ಜನಿಗೆ ಅದು ಕಂಡದ್ದು ಮೊಳದುದ್ದ ಆದ ಮೇಲೆ.

"ಬಾಗಿಲ ಕಡೀದು ಯಾವಾಗ್ಲೂ ಇವಂದ. ಏಳಲೇ ಮ್ಯಾಲೆ! ಬುದ್ಧಿ ಇಲ್ಲದಾಂವ ಇನ್ನ ಮಗ್ಗ ಮುಟ್ಟಬ್ಯಾಡ."

ಶಿವು ನನ್ನ ಮುಖ ನೋಡಿದ. ನಾನು – ತರಗತಿಗೆ ಮೊದಲಿಗ, ಮನೆಯ ಶ್ಯಾಣ್ಯಾ – ನೆಲ ನೋಡಿದೆ. ಒಂದು ಮಾತು ಸಾಕಿತ್ತು...

ಅಂದಿನಿಂದ ಅವನಿಗೆ ಲಾಳಿಗೆ ನೂಲು ಸುತ್ತಿಕೊಡುವ ಕೆಲಸವಷ್ಟೇ. ನಾನು ಓದಿ ಮಾಸ್ತರನಾದೆ. ಜಾಣರಿಗೆ ಬದುಕು ತಾನಾಗಿ ಒಲಿಯುತ್ತದೆಂದು ಎಷ್ಟು ಮಕ್ಕಳ ಬೆನ್ನು ತಟ್ಟಿದೆನೋ! ನನ್ನ ಜಾಣತನ ಬೇಕಾದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ನನಗೆ ನಾಚಿಕೆಯಾಗುತ್ತದೆ, ಗಂಗಾ.

ಈಗ ನೀನು ಹಳೆಯ ಮಗ್ಗವೊಂದನ್ನು ತಂದು, ಕಲಿಸಪ್ಪಾ ಎಂದು ಗೋಗರೆಯುತ್ತೀ. ಅವನು ಹತ್ತಿರ ಸುಳಿಯುವುದಿಲ್ಲ. ಹೋದ ವಾರ ನೀನಿಲ್ಲದಾಗ ನಿಮ್ಮ ಮನೆಗೆ ಬಂದು ಅವನಿಗೆ ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ – ಅದಕ್ಕೇ ಬಂದಿದ್ದೆ. ಅವನು ನಕ್ಕ.

"ಇಲ್ಲಣ್ಣಾ, ಬಾಗಿಲ ಕಡಿ ನಾನ ಕುಂತಿದ್ದೆ. ನನಗ ಚಲೋ ನೆನಪೈತಿ. ನೀ ಹಂಗ ತಪ್ಪಾಂವಲ್ಲ ಬಿಡು."

ಆಣೆ ಮಾಡಿದೆ. ಕೈ ಮುಗಿದೆ. ನನ್ನ ಸುಳ್ಳನ್ನು ಅವನು ನನಗಿಂತ ಗಟ್ಟಿಯಾಗಿ ನಂಬಿದ್ದಾನೆ – ಏನು ಮಾಡಲಿ? ಸಿಟ್ಟು ಬಂದು ನಾನೇ ನಿನ್ನ ಮಗ್ಗದ ಮುಂದೆ ಕೂತು ಎಳೆ ಕೂಡಿಸತೊಡಗಿದೆ. ನಾಲ್ಕೈದು ಎಳೆ ಆಗುವಷ್ಟರಲ್ಲಿ ತಪ್ಪಿದೆ. ಹಿಂದಿನಿಂದ ಅವನ ಕೈ ಬಂತು. ತಪ್ಪು ಎಳೆ ಬಿಡಿಸಿ, ಸರಿಯಾದದ್ದನ್ನು ಹುಡುಕದೆಯೇ ಎತ್ತಿ, ಹೊಸೆದುಬಿಟ್ಟ. ಮರುಕ್ಷಣ ಕೈ ಹಿಂದಕ್ಕೆಳೆದುಕೊಂಡ.

"ತಪ್ಪಾತೇನಣ್ಣಾ?"

ಇಲ್ಲೋ ಶಿವು, ಎಂದೆ. ಅವನು ನಂಬಲಿಲ್ಲ.