ಐಹೊಳೆಯ ಬುದ್ಧನ ಹೊಟ್ಟೆ

ಪುಟ್ಟ ಮಗ ಇವತ್ತೂ ಎರಡೇ ತುತ್ತಿಗೆ ಬಾಯಿ ಮುಚ್ಚಿದ. ನಿದ್ದೆಗೆಟ್ಟ ಗಾಬರಿಯಲ್ಲಿ ಅವನ ಹೊಟ್ಟೆ ಮುಟ್ಟಿ ನೋಡುವಾಗ ಐಹೊಳೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮೂರು ಸುರೇಬಾನದಿಂದ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿದ್ದೆವು. ಗುಡ್ಡದ ಬೌದ್ಧ ಗುಡಿಯಲ್ಲಿ ತಲೆಯಿಲ್ಲದ ಬುದ್ಧ ಕುಳಿತಿದ್ದ. ಎಲ್ಲೇ ಬುತ್ತಿ ಬಿಚ್ಚಿದರೂ ಮೊದಲು ದೇವರಿಗೆ ಎಡೆ ಇಡುತ್ತಿದ್ದ ಅಜ್ಜಿ, ಅವನ ಮುಂದೂ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು.

"ಆಯೀ, ಇವಗ ಬಾಯೇ ಇಲ್ಲ, ಹೆಂಗ ಉಣ್ತಾನ? ಅಂವ ಉಣ್ಣೂತನಕಾ ನಾನೂ ಉಣ್ಣಂಗಿಲ್ಲ," ಎಂದು ಅಳತೊಡಗಿದೆ.

"ಅವ್ವನ ಹಟಾನ ಬಂದೈತಿ ಇದಕ್ಕ," ಎಂದು ಅಪ್ಪ ಅಜ್ಜಿಯತ್ತ ನೋಡಿ ನಕ್ಕ.

ಅಜ್ಜಿ ನನ್ನ ಕೈಯನ್ನು ಬುದ್ಧನ ಹೊಟ್ಟೆಯ ಮೇಲಿಟ್ಟಳು. ನೆರಳಿನ ಕಲ್ಲು ತಂಪಾಗಿತ್ತು.

"ಹಸದ ಹೊಟ್ಟಿ ಹಿಂಗ ತಣ್ಣಗ ಇರತೈತೇನ? ಅಂವ ಉಂಡಾನ. ಇನ್ನ ನೀ ಉಣ್ಣವಾ."

ಮಗ ನಿದ್ದೆ ಹೋಗಿದ್ದಾನೆ, ಅವನ ಹೊಟ್ಟೆಯೂ ತಣ್ಣಗಿದೆ. ಅವನು ಬಿಟ್ಟ ಅನ್ನವನ್ನು ನಾನೇ ಉಂಡೆ. ಬೆಳಗಿನಿಂದ ನಾನೂ ಉಂಡಿರಲಿಲ್ಲ.