ಗೇರುಸೊನೆಯ ಐದು ಎಸಳು

ನಾನು ಚಿಕ್ಕವನಿದ್ದಾಗ ಎಂಥ ಬುದ್ಧಿವಂತನಾಗಿದ್ದೆ ಎಂಬುದಕ್ಕೆ ಸಾಕ್ಷಿ ನನ್ನ ಎಡಗೈಯ ಮೇಲೆಯೇ ಇದೆ ಮಕ್ಕಳೇ. ಮೊಣಕೈಯ ಕೆಳಗೆ ಐದು ಎಸಳಿನ ಒಂದು ಹೂವು. ಹೂವು ಅಂತ ನಾನು ಹೇಳುವುದು. ಬೇರೆಯವರು ದೋಸೆ ಕಾವಲಿ ತಾಗಿದ್ದಾ ಅಂತ ಕೇಳುತ್ತಾರೆ.

ಆಗ ನನಗೆ ಒಂಬತ್ತು ವರ್ಷ. ಈಶ್ವರಮಂಗಲದ ಹತ್ತಿರ ನಮ್ಮ ಮನೆ. ಅಕ್ಕನ ಮದುವೆಗೆ ಐದೇ ದಿನ ಉಳಿದಿತ್ತು. ನನ್ನ ತಲೆಗೆ ಎಣ್ಣೆ ತಿಕ್ಕಿ ಮೀಯಿಸುತ್ತಿದ್ದ ಅಕ್ಕ ನೆಲ್ಯಾಡಿಯ ಗಂಡನ ಮನೆಗೆ ಹೋಗಿಬಿಡುತ್ತಾಳೆ ಎಂದು ನಾನು ಅವಳ ಸೆರಗು ಬಿಡುತ್ತಿರಲಿಲ್ಲ. ಒಂದೇ ಒಂದು ಸಮಾಧಾನವಿತ್ತು. ಮದುವೆಯಲ್ಲಿ ಹೋಮಕ್ಕೆ ಹಾಕುವ ಹೊದಳನ್ನು, ಅಂದರೆ ಭತ್ತದ ಅರಳನ್ನು, ಮದುಮಗಳ ಬೊಗಸೆಗೆ ಸುರಿಯುವುದು ತಮ್ಮನ ಕೆಲಸ. ನಾನು ಅಂಗಳದಲ್ಲಿ ಮರಳು ಸುರಿದು ಸುರಿದು ಅಭ್ಯಾಸ ಮಾಡಿದ್ದೆ.

ಆ ದಿನ ಬೆಳಿಗ್ಗೆ ಹಚ್ಚೆ ಹಾಕುವ ಹೆಂಗಸು ಬಂದಳು. ತೆಂಗಿನ ಗೆರಟೆಯಲ್ಲಿ ದೀಪದ ಮಸಿಯನ್ನು ಸೊಪ್ಪಿನ ರಸದೊಂದಿಗೆ ಕಲಸಿ, ಸೂಜಿ ಅದ್ದಿ ಅದ್ದಿ ಅಕ್ಕನ ಕೈಗೆ ಚುಚ್ಚಿದಳು. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡಿದ್ದೆ. ರಕ್ತ ಒರೆಸಿ ಅರಸಿನ ಹಚ್ಚಿದಾಗ ಆರು ಎಸಳಿನ ಹೂವು ಕಾಣಿಸಿತು. "ಕಳ್ಳನಿಗೂ ಕದಿಯಲಿಕ್ಕೆ ಆಗದ ಒಡವೆ ಇದು" ಎಂದಳು ಅಜ್ಜಿ.

"ನಂಗೂ ಹಾಕಿ" ಎಂದೆ. ಅಕ್ಕನ ಹೂವೇ ನನ್ನ ಕೈಯಲ್ಲೂ ಇದ್ದರೆ, ಅವಳು ಹೋದ ಮೇಲೆ ನೋಡಿಕೊಂಡಾದರೂ ಇರಬಹುದಲ್ಲ!

"ಗಂಡುಮಕ್ಕಳಿಗೆ ಎಂತಕ್ಕೆ ಹಚ್ಚೆ? ಆಡ್ಲಿಕ್ಕೆ ಹೋಗು ಮಾರಾಯ" ಎಂದು ಅಪ್ಪ ನಗುತ್ತಾ ಅಟ್ಟಿದರು.

ನಾನು ಬಿಡುವವನಾ? ಗುಡ್ಡೆಯಲ್ಲಿ ಗೇರುಹಣ್ಣಿನ ಪರಿಮಳ ಗಮ್ಮೆನ್ನುವ ಕಾಲ. ಹಸಿ ಗೇರುಬೀಜದ ಸೊನೆ ತಾಗಿದರೆ ಕಲೆ ಹೋಗುವುದಿಲ್ಲ ಎಂದು ಅಜ್ಜಿ ದಿನಾ ಬೈಯುತ್ತಿದ್ದಳು. ಹೋಗದ ಕಲೆಯೇ ತಾನೇ ನನಗೆ ಬೇಕಾದದ್ದು! ಬೀಜ ಜಜ್ಜಿ, ಕಡ್ಡಿಯಲ್ಲಿ ಸೊನೆ ತೆಗೆದು ಹೂವು ಬಿಡಿಸಿದೆ. ಐದು ಎಸಳಾಗುವಷ್ಟರಲ್ಲಿ ಚುರುಚುರು ಉರಿ. ಆರನೆಯದನ್ನು ಬಿಟ್ಟು ತೋಡಿನ ನೀರಿಗೆ ಕೈ ಹಾಕಲು ಓಡಿದೆ. ನೀರಿಗೆಲ್ಲ ಬಗ್ಗುವ ಸೊನೆಯಾ ಅದು? ಮಾರನೆಯ ದಿನ ಕೈ ಬಾತು ಗುಳ್ಳೆ ಎದ್ದಿತು. ಬೀಜ ಹಿಡಿದ ಬಲಗೈಯ ಬೆರಳುಗಳ ಚರ್ಮವೂ ಸುಲಿಯತೊಡಗಿತು.

"ಈ ಕೈಯಲ್ಲಿ ಹೊದಳು ಸುರಿಯುದು ಹೇಗೆ? ಚಿಕ್ಕಪ್ಪನ ಮಗ ಸುರಿಯಲಿ" ಎಂದರು ಅಪ್ಪ. ನಾನು ದನದ ಹಟ್ಟಿಯ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅಕ್ಕ ತೆಂಗಿನೆಣ್ಣೆ ತಂದು, ಕೋಳಿಯ ಗರಿಯಲ್ಲಿ ಅದ್ದಿ ಮೆಲ್ಲಗೆ ಹಚ್ಚಿದಳು. "ನಿಂಗೆ ಮಂಡೆ ಸಮ ಉಂಟಾ?" ಎಂದು ಬೈದಳು. ಹೂವು ಯಾಕೆ ಬಿಡಿಸಿದ್ದೆಂದು ನಾನು ಹೇಳಿದಾಗ ಗರಿ ಕೆಳಗಿಟ್ಟು ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಮದುವೆಯ ದಿನ ಚಿಕ್ಕಪ್ಪನ ಮಗ ಹೊದಳು ಹಿಡಿದು ನಿಂತ. ಅಕ್ಕ ಬೊಗಸೆ ಒಡ್ಡಲೇ ಇಲ್ಲ. "ನನ್ನ ತಮ್ಮನೇ ಸುರಿಯಲಿ ಅಪ್ಪ" ಎಂದಳು. ತಲೆ ತಗ್ಗಿಸಿ ಕೂತಿರಬೇಕಾದ ಮದುಮಗಳು ಬಾಯಿ ತೆರೆದದ್ದಕ್ಕೆ ಚಪ್ಪರದಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಅಪ್ಪ ನನ್ನನ್ನು ಮುಂದಕ್ಕೆ ಎಳೆದುಕೊಂಡು, ಬಾಳೆಲೆಯ ತುಂಡಿನಲ್ಲಿ ಹೊದಳು ಹಾಕಿ, ನನ್ನ ಕೈಗಳ ಕೆಳಗೆ ತಮ್ಮ ಕೈ ಕೊಟ್ಟರು. ಅರ್ಧ ಚೆಲ್ಲಿತು, ಉಳಿದರ್ಧ ಅಕ್ಕನ ಬೊಗಸೆಗೆ ಬಿತ್ತು.

ಈಗ ನಿಮ್ಮ ಕಾಲ ಬೇರೆ. ಸುಳ್ಯದಲ್ಲಿ ಕಾಲೇಜಿಗೆ ಹೋಗುವ ನನ್ನ ದೊಡ್ಡ ಮೊಮ್ಮಗಳು, "ಅಜ್ಜ, ನಾನು ಟ್ಯಾಟೂ ಹಾಕಿಸ್ಲಾ?" ಎಂದು ಕೇಳುತ್ತಾಳೆ. ಹೊಸ ಸೂಜಿಯಂತೆ, ಕೈಗೆ ಗ್ಲೌಸಂತೆ, ಬೇಡವಾದರೆ ಅಳಿಸಲು ಲೇಸರಂತೆ. ಅಳಿಸುವಾಗ ಹಾಕಿದ್ದಕ್ಕಿಂತ ಜಾಸ್ತಿ ನೋವಂತೆ. ಬೇಡ ಎನ್ನಲು ನನಗೆ ಯಾವ ಮುಖ? "ನೀನು ಅಜ್ಜಿಯಾದ ಮೇಲೂ ಬೇಕು ಅನ್ನಿಸುವಂಥದ್ದು ಸಿಗುವವರೆಗೆ ಕಾಯು ಮಗಾ" ಎಂದೆ.

ಕಳೆದ ರಜೆಯಲ್ಲಿ ಅವಳನ್ನು ಕರೆದುಕೊಂಡು ನೆಲ್ಯಾಡಿಗೆ ಹೋಗಿದ್ದೆ. ಅಕ್ಕನ ಹಚ್ಚೆ ಸುಕ್ಕಿನೊಳಗೆ ಹರಡಿ, ಹೂವೋ ಎಲೆಯೋ ಗೊತ್ತಾಗದಂತಾಗಿದೆ. "ನಂದು ಹೋಯ್ತು ಮಾರಾಯ, ನಿಂದು ತೋರಿಸು" ಎಂದು ನನ್ನ ಕೈ ಎಳೆದು, ಬೆರಳಿಟ್ಟು ಎಣಿಸಿದಳು. "ಐದೇ ಉಂಟಲ್ಲ? ಒಂದು ಎಲ್ಲಿ?" ಹೋದಾಗಲೆಲ್ಲ ಇದೇ ತಮಾಷೆ ಅವಳದ್ದು.

ಮೊಮ್ಮಗಳು ಬ್ಯಾಗಿನಿಂದ ಪೆನ್ನು ತೆಗೆದು, ನನ್ನ ಕೈಯ ಮೇಲೆ ಆರನೆಯ ಎಸಳನ್ನು ಬಿಡಿಸಿಯೇಬಿಟ್ಟಳು. ಅಕ್ಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

ಎರಡು ದಿನ ಆ ಕೈಗೆ ನಾನು ಸಾಬೂನು ಹಾಕಲಿಲ್ಲ.